ವಾಷರ್ ಅಡಿಯ ಬಣ್ಣ: ಪಾರಂಪರಿಕ ರೈಲು ನಿಲ್ದಾಣದ ಹಳೆಯ ಬೋರ್ಡುಗಳನ್ನು ಸರಿಪಡಿಸುವುದು ಹೇಗೆ

ಹಳೆಯ ರೈಲು ನಿಲ್ದಾಣದ ಬೋರ್ಡೊಂದು ಕೈಗೆ ಬಂದರೆ ತಕ್ಷಣ ಬ್ರಷ್ ಹುಡುಕಬೇಡಿ. ಮೊದಲು ಒಂದು ಬೋಲ್ಟ್ ಬಿಚ್ಚಿ, ವಾಷರ್ ಎತ್ತಿ ನೋಡಿ. ಅದರಡಿ ನಾಣ್ಯದಷ್ಟು ಅಗಲದ ಒಂದು ವೃತ್ತ ಇರುತ್ತದೆ. ಅಲ್ಲಿಗೆ ಬಿಸಿಲು ಹೋಗಿಲ್ಲ, ಎಂಜಿನ್ನಿನ ಮಸಿ ಹೋಗಿಲ್ಲ. ಆಮೇಲೆ ಬಂದ ಪೇಂಟರುಗಳ ಬ್ರಷ್ಷೂ ಹೋಗಿಲ್ಲ. ಬೋರ್ಡೆಲ್ಲ ಮಂಕು ಬೂದಿಯಾಗಿದ್ದರೂ ಆ ವೃತ್ತದಲ್ಲಿ ಮೊದಲ ದಿನದ ಹಸಿರೋ ಕಂದೋ ಹಾಗೇ ಕೂತಿರುತ್ತದೆ. ಅದರ ಫೋಟೋ ತೆಗೆಯಿರಿ. ಉಳಿದ ಕೆಲಸವೆಲ್ಲ ಅಲ್ಲಿಂದ ಶುರು.

ಇಲ್ಲಿನ ಉದಾಹರಣೆಗಳೆಲ್ಲ ಬ್ರಿಟನ್ನಿನವು. ಸ್ವಯಂಸೇವಕರೇ ಸೇರಿ ಹಳೆಯ ರೈಲುದಾರಿಯನ್ನು ಉಳಿಸಿ ಓಡಿಸುವ ಪದ್ಧತಿ ಬೇರೂರಿದ್ದು ಅಲ್ಲೇ. 1951ರಲ್ಲಿ ವೇಲ್ಸ್‌ನ ಟಾಲಿಲಿನ್ ರೈಲ್ವೆಯನ್ನು ಹಾಗೆ ಕೈಗೆತ್ತಿಕೊಂಡರು. 1960ರಲ್ಲಿ ಸಸೆಕ್ಸ್‌ನ ಬ್ಲೂಬೆಲ್ ರೈಲ್ವೆ ಶುರುವಾಯಿತು. ಹಾಗಾಗಿ ಬೋರ್ಡು ಸರಿಮಾಡುವ ಅನುಭವವೂ, ಮಾಡಿದ ತಪ್ಪುಗಳೂ ಅಲ್ಲಿ ಜಾಸ್ತಿ.

ಯಾವ ಕಾಲಕ್ಕೆ ಮರಳಿಸಬೇಕು?

ಬಣ್ಣದ ಡಬ್ಬಿ ತೆರೆಯುವ ಮೊದಲು ಈ ಪ್ರಶ್ನೆ ತೀರಬೇಕು. ಒಂದು ಬೋರ್ಡಿನ ಮೇಲೆ ಏಳೆಂಟು ಪದರ ಬಣ್ಣ ಇರುವುದು ಮಾಮೂಲು. ಅದರಲ್ಲಿ ಯಾವುದು "ನಿಜವಾದ" ಬೋರ್ಡು? ಎಲ್ಲವೂ ನಿಜವೇ. ನೀವು ಒಂದನ್ನು ಆರಿಸಬೇಕು, ಅಷ್ಟೇ.

ಬ್ಲೂಬೆಲ್‌ನವರು ಇದಕ್ಕೊಂದು ಒಳ್ಳೆಯ ದಾರಿ ಕಂಡುಕೊಂಡರು. ಶೆಫೀಲ್ಡ್ ಪಾರ್ಕ್ ನಿಲ್ದಾಣ ವಿಕ್ಟೋರಿಯಾ ರಾಣಿಯ ಕಾಲದ್ದು. ಹಾರ್ಸ್ಟೆಡ್ ಕೇನ್ಸ್‌ನಲ್ಲಿ ಸದರ್ನ್ ರೈಲ್ವೆ ಎಂಬ ಕಂಪನಿಯ ಕಾಲದ ಹಸಿರು. ಕಿಂಗ್ಸ್‌ಕೋಟ್‌ಗೆ ಹೋದರೆ 1950ರ ದಶಕ. ಒಂದೇ ರೈಲುದಾರಿ, ನಿಲ್ದಾಣಕ್ಕೊಂದು ಕಾಲ. ನಿಮ್ಮದು ಒಂದೇ ನಿಲ್ದಾಣವಾದರೆ ಒಂದೇ ಕಾಲಕ್ಕೆ ಅಂಟಿಕೊಳ್ಳಿ. 1910ರ ಬೋರ್ಡಿನ ಪಕ್ಕ 1960ರ ಬೋರ್ಡು ಹೊಸದಾಗಿ ಮಿಂಚುತ್ತಾ ನಿಂತರೆ ಗೊತ್ತಿರುವವರಿಗೆ ಹಲ್ಲಲ್ಲಿ ಕಲ್ಲು ಸಿಕ್ಕ ಹಾಗಾಗುತ್ತದೆ.

ಕಾಲ ಗುರುತಿಸಲು ಕೆಲವು ಗಟ್ಟಿ ಗೆರೆಗಳಿವೆ. 1923ಕ್ಕೆ ಮೊದಲು ಬ್ರಿಟನ್ನಿನಲ್ಲಿ ನೂರಕ್ಕೂ ಹೆಚ್ಚು ರೈಲು ಕಂಪನಿಗಳಿದ್ದವು. ಆ ವರ್ಷ ಬಹುಪಾಲು ಸೇರಿ ನಾಲ್ಕು ದೊಡ್ಡ ಕಂಪನಿಗಳಾದವು. 1948ರ ಜನವರಿ 1ರಂದು ಆ ನಾಲ್ಕೂ ಸರ್ಕಾರದ ಕೈಗೆ ಬಂದು ಬ್ರಿಟಿಷ್ ರೈಲ್ವೇಸ್ ಆಯಿತು. ಆಮೇಲೆ ಪ್ರದೇಶಕ್ಕೊಂದು ಬಣ್ಣ ಬಂತು. ಸದರ್ನ್‌ಗೆ ಹಸಿರು, ವೆಸ್ಟರ್ನ್‌ಗೆ ಚಾಕಲೇಟ್ ಕಂದು, ಲಂಡನ್ ಮಿಡ್ಲೆಂಡ್‌ಗೆ ಕಡುಗೆಂಪು, ಈಸ್ಟರ್ನ್‌ಗೆ ಕಡುನೀಲಿ, ನಾರ್ತ್ ಈಸ್ಟರ್ನ್‌ಗೆ ಕಿತ್ತಳೆ, ಸ್ಕಾಟಿಷ್‌ಗೆ ತಿಳಿನೀಲಿ. ದೀಪದ ಕಂಬಗಳಿಗೆ ಹಾಕುತ್ತಿದ್ದ, ಎರಡೂ ತುದಿ ದುಂಡಗೆ ಉಬ್ಬಿದ 'ಟೋಟೆಮ್' ಬೋರ್ಡುಗಳು ಈ ಕಾಲದವು. 1965ರಲ್ಲಿ ಜಾಕ್ ಕಿನೀರ್ ಮತ್ತು ಮಾರ್ಗರೆಟ್ ಕಾಲ್ವರ್ಟ್ ರೂಪಿಸಿದ ರೈಲ್ ಆಲ್ಫಬೆಟ್ ಎಂಬ ಅಕ್ಷರಶೈಲಿ ಬಂದಿತು. ಬಿಳಿ ಹಿನ್ನೆಲೆಯಲ್ಲಿ ಕಪ್ಪು ಸಣ್ಣಕ್ಷರದ ಬೋರ್ಡುಗಳು ಬಂದು ಹಳೆಯ ದೊಡ್ಡಕ್ಷರದವು ಗುಜರಿಗೆ ಹೋದವು.

ಹಳೆಯ ಫೋಟೋ ಹುಡುಕುವಾಗ ಒಂದು ಎಚ್ಚರ ಇರಲಿ. ಕಪ್ಪು ಬಿಳುಪು ಫೋಟೋ ನೋಡಿ ಬಣ್ಣ ಊಹಿಸಬೇಡಿ. ಹಳೆಯ ಕಾಲದ ಫಿಲ್ಮಿಗೆ ಕೆಂಪು ಬಣ್ಣ ಕಾಣುತ್ತಿರಲಿಲ್ಲ, ಕೆಂಪೆಲ್ಲ ಕಪ್ಪಾಗಿ ಬೀಳುತ್ತಿತ್ತು. ಫೋಟೋದಿಂದ ಅಕ್ಷರದ ಆಕಾರ, ಜಾಗ, ಎತ್ತರ ತಿಳಿದುಕೊಳ್ಳಿ. ಬಣ್ಣವನ್ನು ಬೋರ್ಡನ್ನೇ ಕೇಳಿ.

ಬೋರ್ಡನ್ನು ಕೇಳುವುದು

ಕಣ್ಣಿಗೆ ಬೀಳದ ಒಂದು ಮೂಲೆ ಆರಿಸಿ. ಸಣ್ಣ ಕಾಳಿನ ವಾಟರ್ ಪೇಪರನ್ನು ನೀರಲ್ಲಿ ಅದ್ದಿ, ಬೆರಳ ತುದಿಯಲ್ಲಿ ಸುತ್ತುಸುತ್ತಾಗಿ ಉಜ್ಜಿ. ನಡುವೆ ಲೋಹವೋ ಮರವೋ ಕಾಣುವವರೆಗೆ ಉಜ್ಜಿದರೆ ಸುತ್ತ ಉಂಗುರ ಉಂಗುರವಾಗಿ ಎಲ್ಲ ಪದರಗಳೂ ತೆರೆದುಕೊಳ್ಳುತ್ತವೆ. ಈರುಳ್ಳಿ ಅಡ್ಡಕ್ಕೆ ಕೊಯ್ದ ಹಾಗೆ. ಒಳಗಿನಿಂದ ಹೊರಗೆ ಎಣಿಸುತ್ತಾ ಬರೆದುಕೊಳ್ಳಿ. ಕೆಂಪು ಪ್ರೈಮರ್, ಬೂದು, ಹಸಿರು, ಮತ್ತೆ ಬೂದು, ಕೆನೆ, ಹೀಗೆ. ಎರಡು ಹೊಳಪು ಪದರಗಳ ನಡುವೆ ಮಸಿಯ ಕಪ್ಪು ಗೆರೆ ಕಂಡರೆ ಆ ಬಣ್ಣ ಬಹಳ ವರ್ಷ ಹೊರಗೆ ನಿಂತಿತ್ತು ಎಂದರ್ಥ. ಮಸಿಯೇ ಇಲ್ಲದಿದ್ದರೆ ಅದು ಮೇಲುಬಣ್ಣದ ಅಡಿಗೆ ಹಚ್ಚುವ ಅಂಡರ್‌ಕೋಟ್ ಇರಬೇಕು. ಅದನ್ನೇ ಅಸಲಿ ಬಣ್ಣ ಎಂದುಕೊಂಡು ಮೋಸಹೋದವರು ಇದ್ದಾರೆ.

ಇನ್ನೊಂದು ವಿಷಯ. ಅಗಸೆ ಎಣ್ಣೆಯ ಹಳೆಯ ಪೇಂಟು ಕತ್ತಲಲ್ಲಿ ಇದ್ದರೆ ಹಳದಿಗೆ ತಿರುಗುತ್ತದೆ. ಬೆಳಕು ಕಂಡರೆ ಆ ಹಳದಿ ಸ್ವಲ್ಪ ಇಳಿಯುತ್ತದೆ. ಹಾಗಾಗಿ ತೆರೆದ ಉಂಗುರವನ್ನು ಅವತ್ತೇ ಬಣ್ಣದ ಚಾರ್ಟಿಗೆ ಹೋಲಿಸಬೇಡಿ. ಕೆಲವು ದಿನ ಹಗಲು ಬೆಳಕಿಗೆ ಇಡಿ. ಹೋಲಿಸುವಾಗ ಉಂಗುರವನ್ನು ಸ್ವಲ್ಪ ಒದ್ದೆ ಮಾಡಿ, ಮೋಡದ ದಿನ ಹೊರಗೆ ನಿಂತು ನೋಡಿ. ಟ್ಯೂಬ್‌ಲೈಟ್ ಕೆಳಗೆ ಆರಿಸಿದ ಹಸಿರು ಪ್ಲಾಟ್‌ಫಾರ್ಮಿನಲ್ಲಿ ಬೇರೆಯೇ ಹಸಿರಾಗುತ್ತದೆ. ಬ್ರಿಟಿಷ್ ಸ್ಟ್ಯಾಂಡರ್ಡ್ 381ಸಿ ಅಥವಾ ಮನ್ಸೆಲ್ ಎಂಬ ಬಣ್ಣದ ಪಟ್ಟಿಗಳ ಸಂಖ್ಯೆಯಲ್ಲಿ ಬಣ್ಣವನ್ನು ಬರೆದಿಟ್ಟುಕೊಳ್ಳಿ. "ಕಡು ಹಸಿರು" ಎಂದು ಬರೆದರೆ ಹತ್ತು ವರ್ಷದ ಮೇಲೆ ಅದು ಯಾರಿಗೂ ಉಪಯೋಗಕ್ಕೆ ಬರುವುದಿಲ್ಲ.

ಅಕ್ಷರಗಳನ್ನೂ ಈಗಲೇ ಹಿಡಿದಿಡಿ. ಉಬ್ಬಕ್ಷರವಾದರೆ ತೆಳು ಕಾಗದ ಹಾಸಿ ಮೇಣದ ಬಳಪದಿಂದ ಉಜ್ಜಿ. ಬರೆದ ಅಕ್ಷರವಾದರೆ ಪಾರದರ್ಶಕ ಹಾಳೆ ಇಟ್ಟು ಗೆರೆ ಎಳೆದುಕೊಳ್ಳಿ. ಬಣ್ಣ ಪೂರ್ತಿ ಹೋಗಿದ್ದರೆ ಕತ್ತಲಲ್ಲಿ ಟಾರ್ಚನ್ನು ಬೋರ್ಡಿಗೆ ಅಡ್ಡವಾಗಿ, ಮೇಲ್ಮೈಗೆ ತಾಗುವ ಹಾಗೆ ಹಿಡಿಯಿರಿ. ಹಳೆಯ ಬ್ರಷ್ಷಿನ ಅಂಚು ನೆರಳಾಗಿ ಏಳುತ್ತದೆ. ಹೆಸರು ಬದಲಾದ ನಿಲ್ದಾಣದಲ್ಲಿ ಒಂದರ ಮೇಲೊಂದು ಎರಡು ಹೆಸರೂ ಕಾಣುವುದುಂಟು. ಈ ಕೆಲಸದಲ್ಲಿ ನನಗೆ ಅತಿ ಇಷ್ಟದ ಗಳಿಗೆ ಅದೇ.

ಕೆಳಗಿಳಿಸುವ ಮೊದಲು

ಬ್ರಿಟನ್ನಿನಲ್ಲಿ ಕಟ್ಟಡ ಸಂರಕ್ಷಿತ ಪಟ್ಟಿಯಲ್ಲಿದ್ದರೆ ಅದಕ್ಕೆ ಜಡಿದ ಬೋರ್ಡೂ ಆ ರಕ್ಷಣೆಗೆ ಒಳಪಡಬಹುದು. ಸ್ಥಳೀಯ ಯೋಜನಾ ಪ್ರಾಧಿಕಾರವನ್ನು ಮೊದಲೇ ಕೇಳಿ. ಬಿಚ್ಚಿದ ಮೇಲೆ ಕೇಳುವುದಲ್ಲ.

ಬೋಲ್ಟಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಡಿ. ಮರುದಿನ ಮತ್ತೆ ಹಾಕಿ. ಆದರೂ ಬರದಿದ್ದರೆ ಬೋಲ್ಟನ್ನೇ ಕೊಯ್ಯಿರಿ, ಬೋರ್ಡನ್ನು ಮೀಟಬೇಡಿ. ಬೀಡು ಕಬ್ಬಿಣ ಬಾಗುವುದಿಲ್ಲ, ಒಡೆಯುತ್ತದೆ. ಉಕ್ಕಿನ ತಗಡಿಗೆ ಗಾಜು ಕರಗಿಸಿ ಹಿಡಿಸಿದ ಎನಾಮೆಲ್ ಬೋರ್ಡು ಬಾಗಿದರೆ ಗಾಜು ಸಿಡಿಯುತ್ತದೆ. ಬೀಡಿನ ಬೋರ್ಡು ನೋಡಲು ಚಿಕ್ಕದಾದರೂ ಭಾರ ಜಾಸ್ತಿ. ಕೊನೆಯ ಬೋಲ್ಟು ಬಿಚ್ಚುವ ಮೊದಲು ಕೆಳಗಿನಿಂದ ಇಬ್ಬರು ಹಿಡಿದಿರಬೇಕು. ಪ್ರತಿ ಬೋಲ್ಟು, ವಾಷರ್, ಮರದ ತುಂಡಿಗೂ ನಂಬರ್ ಚೀಟಿ ಕಟ್ಟಿ.

ಸೀಸದ ವಿಷಯ

ಇಲ್ಲಿ ಉಡಾಫೆ ಬೇಡ. 1970ರ ದಶಕಕ್ಕಿಂತ ಹಳೆಯ ಬಣ್ಣದಲ್ಲಿ ಸೀಸ ಇದೆ ಎಂದೇ ತಿಳಿದು ಕೆಲಸ ಮಾಡಿ. ಬಿಳಿಯಲ್ಲಿ ಸೀಸ, ಕೆಂಪು ಪ್ರೈಮರಿನಲ್ಲಿ ಸೀಸ, ಕ್ರೋಮ್ ಹಳದಿಯಲ್ಲೂ ಸೀಸ. ಒಣಗಿದ ಬಣ್ಣವನ್ನು ಮೆಷಿನ್ನಿನಿಂದ ಉಜ್ಜುವುದು ಬೇಡವೇ ಬೇಡ. ಬೆಂಕಿಯ ಜ್ವಾಲೆ ಹಿಡಿದು ಸುಡುವುದೂ ಬೇಡ, ಸೀಸದ ಹೊಗೆ ನೇರ ಶ್ವಾಸಕೋಶಕ್ಕೆ ಹೋಗುತ್ತದೆ. ಒದ್ದೆ ಮಾಡಿ ಉಜ್ಜಿ, ಇಲ್ಲವೇ ಬಣ್ಣ ಬಿಡಿಸುವ ಲೇಪ ಹಚ್ಚಿ ಪ್ಲಾಸ್ಟಿಕ್ ಹಾಳೆ ಮುಚ್ಚಿ ಬಿಡಿ. ಮೆತ್ತಗಾದ ಮೇಲೆ ಕೆರೆದು ತೆಗೆಯಿರಿ. ಎಫ್‌ಎಫ್‌ಪಿ3 ದರ್ಜೆಯ ಮಾಸ್ಕ್, ಕೈಗವಸು, ನೆಲಕ್ಕೆ ದಪ್ಪ ಪ್ಲಾಸ್ಟಿಕ್ ಇರಲಿ. ಕೆಲಸದ ಬಟ್ಟೆ ಮನೆಗೆ ತರಬೇಡಿ. ಕೈ ತೊಳೆಯದೆ ಊಟ, ಟೀ, ಸಿಗರೇಟು ಏನೂ ಇಲ್ಲ. ಮಕ್ಕಳು, ಬಸುರಿಯರು ಆ ಶೆಡ್ಡಿನ ಹತ್ತಿರ ಬರಬಾರದು. ಕೆರೆದ ಚೂರು, ತೊಳೆದ ನೀರು ಎರಡೂ ಅಪಾಯಕಾರಿ ಕಸ. ಚರಂಡಿಗೆ ಸುರಿಯುವಂತಿಲ್ಲ.

ಬೀಡು ಕಬ್ಬಿಣದ ಬೋರ್ಡು

ಹಳಿ ದಾಟಬೇಡಿ, ಗೇಟು ಮುಚ್ಚಿ ಎಂದು ಗದರಿಸುವ ಬೋರ್ಡುಗಳು ಹೆಚ್ಚಾಗಿ ಬೀಡಿನವು. ಹಿನ್ನೆಲೆಯಿಂದ ಅಕ್ಷರ ಉಬ್ಬಿ ನಿಂತಿರುತ್ತದೆ. ಕೆಲವದರಲ್ಲಿ ತಪ್ಪಿದವರಿಗೆ 40 ಶಿಲಿಂಗ್ ದಂಡ ಎಂದಿದೆ. ಈಗಿನ ಲೆಕ್ಕದಲ್ಲಿ ಬರೀ ಎರಡು ಪೌಂಡ್. ಇದನ್ನು "ಸರಿ" ಮಾಡಲು ಹೋಗಬೇಡಿ, ದಂಡ ಅಷ್ಟೇ ಇರಲಿ.

ತುಕ್ಕು ತೆಗೆಯಲು ತಂತಿ ಬ್ರಷ್ಷು ಸಾಕಾಗುವುದೇ ಹೆಚ್ಚು. ಗಟ್ಟಿ ತುಕ್ಕಾದರೆ ವಿದ್ಯುತ್ ವಿಧಾನ ಒಳ್ಳೆಯದು. ಪ್ಲಾಸ್ಟಿಕ್ ತೊಟ್ಟಿಯಲ್ಲಿ ನೀರು ತುಂಬಿ, ಲೀಟರಿಗೆ ಸುಮಾರು ಒಂದು ಚಮಚ ವಾಷಿಂಗ್ ಸೋಡಾ ಕರಗಿಸಿ. 12 ವೋಲ್ಟ್ ಬ್ಯಾಟರಿ ಚಾರ್ಜರಿನ ನೆಗೆಟಿವ್ ತುದಿ ಬೋರ್ಡಿಗೆ, ಪಾಸಿಟಿವ್ ತುದಿ ಬೇಡವಾದ ಮಾಮೂಲು ಉಕ್ಕಿನ ತುಂಡಿಗೆ. ಎರಡೂ ಒಂದಕ್ಕೊಂದು ತಾಗಬಾರದು. ತುದಿ ಅದಲು ಬದಲಾದರೆ ನಿಮ್ಮ ಬೋರ್ಡೇ ಕರಗುತ್ತದೆ! ಸ್ಟೇನ್‌ಲೆಸ್ ಉಕ್ಕು ಹಾಕಬೇಡಿ, ಅದರಿಂದ ವಿಷದ ಕ್ರೋಮಿಯಂ ನೀರಿಗಿಳಿಯುತ್ತದೆ. ಗುಳ್ಳೆ ಏಳುವುದು ಹೈಡ್ರೋಜನ್, ಬೆಂಕಿ ಹತ್ತುವ ಗ್ಯಾಸು. ಹಾಗಾಗಿ ಗಾಳಿಯಾಡುವ ಕಡೆ ಇಡಿ, ಮುಚ್ಚಳ ಹಾಕಬೇಡಿ. ಕರೆಂಟು ತೆಗೆಯದೆ ಕೈ ಹಾಕಬೇಡಿ. ಹಳೆಯ ಬಣ್ಣವೂ ಇದರಲ್ಲಿ ಬಿಟ್ಟುಕೊಳ್ಳುತ್ತದೆ, ಅಂದರೆ ಆ ನೀರಿಗೂ ಸೀಸದ ನಿಯಮವೇ.

ತೆಗೆದ ಮೇಲೆ ತೊಳೆದು, ಒರೆಸಿ, ಬೆಚ್ಚಗೆ ಒಣಗಿಸಿ ಅವತ್ತೇ ಪ್ರೈಮರ್ ಹಚ್ಚಬೇಕು. ಬರಿಮೈ ಬೀಡಿಗೆ ಕೆಲವೇ ಗಂಟೆಯಲ್ಲಿ ಕಿತ್ತಳೆ ಬಣ್ಣದ ಹೊಸ ತುಕ್ಕು ಏಳುತ್ತದೆ. ಜಿಂಕ್ ಫಾಸ್ಫೇಟ್ ಪ್ರೈಮರ್ ಎರಡು ಕೋಟ್, ಅಂಡರ್‌ಕೋಟ್ ಒಂದು, ಮೇಲೆ ಹೊಳಪು ಬಣ್ಣ ಎರಡು. ಲೋಹದ ಬಿಸಿ ಇಬ್ಬನಿ ಕಟ್ಟುವ ಬಿಸಿಗಿಂತ ಕನಿಷ್ಠ 3 ಡಿಗ್ರಿ ಸೆಲ್ಸಿಯಸ್ ಮೇಲಿರಬೇಕು. ಇಲ್ಲದಿದ್ದರೆ ಕಾಣದ ತೇವದ ಮೇಲೆ ಬಣ್ಣ ಕೂತು ಒಂದೇ ಚಳಿಗಾಲಕ್ಕೆ ಸಿಪ್ಪೆ ಏಳುತ್ತದೆ.

ಸೀಳು ಬಿಟ್ಟಿದ್ದರೆ ಮನೆಯ ವೆಲ್ಡಿಂಗ್ ಮೆಷಿನ್ ಮುಟ್ಟಬೇಡಿ. ಬಿಸಿ ಒಂದೇ ಕಡೆ ಬಿದ್ದರೆ ಬೀಡು ಪಕ್ಕದಲ್ಲೇ ಮತ್ತೆ ಸೀಳುತ್ತದೆ. ಲೋಹದ ಹೊಲಿಗೆ ಎಂಬ ತಣ್ಣನೆಯ ವಿಧಾನವಿದೆ. ಸೀಳಿನ ಉದ್ದಕ್ಕೂ ತೂತು ಕೊರೆದು ಲೋಹದ ಕೀಲಿ ಜಡಿಯುತ್ತಾರೆ. ಅದು ಬಲ್ಲವರ ಕೆಲಸ.

ಉಬ್ಬಕ್ಷರಕ್ಕೆ ಬಣ್ಣ ಹಾಕುವುದು ನೋಡಿದಷ್ಟು ಸುಲಭವಲ್ಲ. ಮೊದಲು ಇಡೀ ಬೋರ್ಡಿಗೆ, ಅಕ್ಷರದ ಪಕ್ಕೆಗಳಿಗೂ ಸೇರಿಸಿ, ಹಿನ್ನೆಲೆಯ ಬಣ್ಣ. ಚೆನ್ನಾಗಿ ಗಟ್ಟಿಯಾಗಲು ವಾರ ಬಿಡಿ. ಆಮೇಲೆ ಗಟ್ಟಿ ಸ್ಪಂಜಿನ ಚಿಕ್ಕ ರೋಲರಿಗೆ ಬಿಳಿ ಬಣ್ಣ ಹಿಡಿಸಿ, ರಟ್ಟಿನ ಮೇಲೆ ಉರುಳಿಸಿ ಬಹುಪಾಲು ಕಳೆದು, ಹೆಚ್ಚುಕಡಿಮೆ ಒಣ ರೋಲರನ್ನು ಅಕ್ಷರದ ನೆತ್ತಿಯ ಮೇಲಷ್ಟೇ ಹಗುರವಾಗಿ ಓಡಿಸಿ. ಮೂರು ತೆಳು ಕೋಟ್ ಬೇಕಾಗಬಹುದು. ಸವೆದು ದುಂಡಗಾದ ಅಕ್ಷರಕ್ಕೆ ರೋಲರ್ ಬರುವುದಿಲ್ಲ. ಅಲ್ಲಿ ಬ್ರಷ್ಷೇ ಗತಿ, ತಾಳ್ಮೆಯೇ ಗತಿ.

ಎನಾಮೆಲ್: ಇಲ್ಲಿ ಕೈ ಕಟ್ಟಿಕೊಳ್ಳಿ

ಎನಾಮೆಲ್ ಬೋರ್ಡು ಪೇಂಟ್ ಮಾಡಿದ್ದಲ್ಲ. ಗಾಜಿನ ಪುಡಿಯನ್ನು ಉಕ್ಕಿನ ತಗಡಿನ ಮೇಲೆ ಸುಮಾರು 800 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿಸಿ ಹಿಡಿಸಿದ್ದು. ತಳದಲ್ಲಿ ಕೋಬಾಲ್ಟ್ ಸೇರಿದ ಕಡುಬಣ್ಣದ ಗಾಜು ಇರುತ್ತದೆ. ಗಾಜು ಉಕ್ಕನ್ನು ಕಚ್ಚಿ ಹಿಡಿಯುವುದು ಅದರಿಂದಲೇ. ಅದರ ಮೇಲೆ ಬಣ್ಣಕ್ಕೊಂದು ಸಲ ಕುಲುಮೆಗೆ ಹೋಗಿ ಬರುತ್ತಿತ್ತು. ಗಾಜಾದ್ದರಿಂದ ಬಣ್ಣ ಮಾಸುವುದಿಲ್ಲ. ಮಾಸಿದಂತೆ ಕಂಡರೆ ಅದು ಕೊಳೆ, ಇಲ್ಲವೇ ಯಾರೋ ಒರಟಾಗಿ ಉಜ್ಜಿ ಹೊಳಪು ಕಳೆದಿದ್ದಾರೆ.

ಹಾಗಾಗಿ ಮುಕ್ಕಾಲು ಪಾಲು ಕೆಲಸ ತೊಳೆಯುವುದು. ಉಗುರುಬೆಚ್ಚಗಿನ ನೀರು, ಸೌಮ್ಯ ಸಾಬೂನು ದ್ರಾವಣ, ಹತ್ತಿ ಬಟ್ಟೆ. ಕೆಳಗಿನಿಂದ ಮೇಲಕ್ಕೆ ತೊಳೆಯಿರಿ, ಕೊಳೆನೀರಿನ ಗೆರೆ ಬೀಳುವುದಿಲ್ಲ. ಡಾಂಬರು, ಎಣ್ಣೆ ಜಿಡ್ಡಿಗೆ ವೈಟ್ ಸ್ಪಿರಿಟ್. ತಂತಿ ನಾರು, ಪಾತ್ರೆ ಉಜ್ಜುವ ಪುಡಿ, ಬಾತ್‌ರೂಮ್ ಆ್ಯಸಿಡ್, ಮರಳು ಸಿಡಿಸುವ ಮೆಷಿನ್ ಇವು ನಾಲ್ಕೂ ಶೆಡ್ಡಿನಿಂದ ಆಚೆ ಇರಲಿ. ಆ್ಯಸಿಡ್ ತಾಗಿದ ಹೊಳಪು ಮತ್ತೆ ಬರುವುದಿಲ್ಲ.

ಮೇಲೆ ಪೇಂಟು ಬಳಿದಿದ್ದರೆ? ಸ್ವಲ್ಪ ನಿಲ್ಲಿ. 1940ರಲ್ಲಿ ಜರ್ಮನ್ ಸೈನ್ಯ ಇಳಿದರೆ ದಾರಿ ತಿಳಿಯಬಾರದು ಎಂದು ಬ್ರಿಟನ್ನಿನಲ್ಲಿ ನಿಲ್ದಾಣದ ಹೆಸರುಗಳನ್ನು ತೆಗೆದರು, ಇಲ್ಲವೇ ಮುಚ್ಚಿದರು. ನಿಮ್ಮ ಬೋರ್ಡಿನ ಮೇಲಿರುವುದು ಆ ಬಣ್ಣವೇ ಆಗಿರಬಹುದು. ಅದೂ ಚರಿತ್ರೆ. ಪೂರ್ತಿ ತೆಗೆಯಲೇಬೇಕಾದರೆ ಮೊದಲು ಫೋಟೋ ತೆಗೆದು, ಹಿಂಬದಿಯಲ್ಲೋ ಅಂಚಿನಲ್ಲೋ ಒಂದು ತುಣುಕು ಉಳಿಸಿ.

ಗಾಜು ಹಾರಿಹೋದ ಕಡೆ ಉಕ್ಕಿಗೆ ತುಕ್ಕು ಹಿಡಿದಿರುತ್ತದೆ. ಅದು ಗಾಜಿನ ಅಡಿಗೆ ನುಗ್ಗುತ್ತಾ ಚೂರು ಚೂರಾಗಿ ಎಬ್ಬಿಸುತ್ತದೆ. ಇದನ್ನು ನಿಲ್ಲಿಸುವುದೇ ಮುಖ್ಯ. ಸಡಿಲ ತುಕ್ಕನ್ನು ಸಣ್ಣ ಬ್ಲೇಡು, ಗಾಜಿನ ನಾರಿನ ಪೆನ್ನಿನಿಂದ ತೆಗೆಯಿರಿ. ಗಾಜಿನ ಅಂಚು ಮುಟ್ಟಬೇಡಿ. ಆಮೇಲೆ ಟ್ಯಾನಿಕ್ ಆ್ಯಸಿಡ್ ಇರುವ ತುಕ್ಕು ನಿಲ್ಲಿಸುವ ದ್ರಾವಣವನ್ನು ತೆಳು ಬ್ರಷ್ಷಿನಲ್ಲಿ ಉಕ್ಕಿಗಷ್ಟೇ ತಾಗಿಸಿ. ಅದು ತುಕ್ಕಿನ ಜೊತೆ ಸೇರಿ ನೀಲಿಗಪ್ಪಾಗುತ್ತದೆ. ಅಸಲಿ ತಳದ ಗಾಜೂ ಕಡುಬಣ್ಣದ್ದೇ ಆದ್ದರಿಂದ ಗಾಯ ಅಷ್ಟಾಗಿ ಎದ್ದು ಕಾಣುವುದಿಲ್ಲ. ಒಣಗಿದ ಮೇಲೆ ಪ್ಯಾರಾಲಾಯ್ಡ್ ಬಿ-72 ಎಂಬ ರಾಳವನ್ನು ಅಸಿಟೋನಿನಲ್ಲಿ ಕರಗಿಸಿ ಹಚ್ಚಿ. ಮ್ಯೂಸಿಯಂನವರು ಇದನ್ನೇ ಬಳಸುವುದು, ಯಾಕಂದ್ರೆ ಬೇಡವಾದಾಗ ಅಸಿಟೋನಿನಿಂದಲೇ ತೆಗೆಯಬಹುದು.

ಗಾಯಕ್ಕೆ ಲಪ್ಪ ತುಂಬಿ ಬಣ್ಣ ಹಚ್ಚಬೇಕೇ? ಅಕ್ಷರದ ನಡುವೆಯೇ ಹೋಗಿ ಹೆಸರು ಓದಲಾಗದಿದ್ದರೆ ತುಂಬಿ. ಬೋಲ್ಟಿನ ಸುತ್ತ, ಮೂಲೆಯಲ್ಲಿ ಹಾರಿದ್ದರೆ ಬಿಟ್ಟುಬಿಡಿ ಎನ್ನುತ್ತೇನೆ. ಎಪ್ಪತ್ತು ವರ್ಷದ ಬೋರ್ಡಿಗೆ ಎಪ್ಪತ್ತು ವರ್ಷದ ಮುಖ ಇರಲಿ. ತುಂಬುವುದಾದರೂ ಬಣ್ಣ ಗಾಯದ ಅಂಚಿಗೆ ನಿಲ್ಲಬೇಕು, ಒಳ್ಳೆಯ ಗಾಜಿನ ಮೇಲೆ ಹತ್ತಬಾರದು.

"ಮತ್ತೆ ಕುಲುಮೆಗೆ ಹಾಕಿ ಹೊಸದು ಮಾಡಿಸಿದರಾಯ್ತಲ್ಲ" ಎನ್ನುವವರು ಸಿಗುತ್ತಾರೆ. ಒಳಗೆ ಹೊಕ್ಕ ತುಕ್ಕು, ಕೊಳೆ ಬಿಸಿಗೆ ಗ್ಯಾಸಾಗಿ ಗುಳ್ಳೆ ಏಳುತ್ತದೆ. ಹಳೆಯ ಗಾಜನ್ನೆಲ್ಲ ಕಿತ್ತು ಹಾಕಿದರೆ ಕೈಯಲ್ಲಿ ಉಳಿಯುವುದು ಹೊಸ ಬೋರ್ಡು. ಹೊಸದೇ ಬೇಕಿದ್ದರೆ ಹೊಸ ತಗಡಿನ ಮೇಲೆ ಮಾಡಿಸಿ, ಹಿಂಬದಿಯಲ್ಲಿ ಇಸವಿ ಸಹಿತ "ನಕಲು" ಎಂದು ಅಳಿಸಲಾಗದ ಹಾಗೆ ಬರೆಸಿ. ಹಳೆಯ ಎನಾಮೆಲ್ ಬೋರ್ಡುಗಳಿಗೆ ಹರಾಜಿನಲ್ಲಿ ಒಳ್ಳೆಯ ಬೆಲೆ ಇದೆ, ಕಳ್ಳರಿಗೂ ಅದು ಗೊತ್ತು. ಹಾಗಾಗಿ ಅಸಲಿಯನ್ನು ಒಳಗಿಟ್ಟು ಪ್ಲಾಟ್‌ಫಾರ್ಮಿನಲ್ಲಿ ನಕಲು ತೂಗುಹಾಕುವುದು ತಪ್ಪೇನಲ್ಲ.

ಮರದ ಬೋರ್ಡು, ಕೈಬರಹ

ಪ್ಲಾಟ್‌ಫಾರ್ಮಿನ ತುದಿಯಲ್ಲಿ, ಒಳಬರುವ ರೈಲಿಗೆ ಎದುರಾಗಿ ನಿಲ್ಲುವ ದೊಡ್ಡ ಹೆಸರಿನ ಬೋರ್ಡು ಹೆಚ್ಚಾಗಿ ಮರದ್ದು. ದಬ್ಬಳ ತೆಗೆದುಕೊಂಡು ಅಲ್ಲಲ್ಲಿ ಚುಚ್ಚಿ ನೋಡಿ. ಸಲೀಸಾಗಿ ಇಳಿದರೆ ಅಲ್ಲಿ ಕೊಳೆತಿದೆ. ಕೊಳೆತಷ್ಟನ್ನೇ ಕೊಯ್ದು ಅದೇ ಜಾತಿಯ ಮರದ ತುಂಡನ್ನು ಓರೆ ಜೋಡಣೆಯಲ್ಲಿ ಕೂರಿಸಿ. ನೀರು ನುಗ್ಗುವುದು ಹಲಗೆಯ ಕೊಯ್ದ ತುದಿಯಿಂದ. ಅಲ್ಲಿಗೆ ಪ್ರೈಮರ್ ಎರಡು ಸಲ ಕುಡಿಸಿ. ಅಕ್ಷರ ಬೇರೆ ಕೆತ್ತಿ ಸ್ಕ್ರೂ ಹಾಕಿದ್ದರೆ ಪ್ರತಿಯೊಂದನ್ನೂ ಬಿಚ್ಚಿ, ಹಿಂದೆ ನಂಬರ್ ಬರೆದು, ಹಿಂಬದಿಗೂ ಬಣ್ಣ ಹಚ್ಚಿ, ಹಿತ್ತಾಳೆ ಸ್ಕ್ರೂನಲ್ಲಿ ಮತ್ತೆ ಕೂರಿಸಿ.

ಬರೆದ ಅಕ್ಷರವಾದರೆ ಆಗಲೇ ತೆಗೆದ ನಕ್ಷೆ ಈಗ ಬೇಕು. ನಕ್ಷೆಯ ಗೆರೆ ಹಿಡಿದು ಸೂಜಿಯಿಂದ ಒತ್ತೊತ್ತಾಗಿ ಚುಚ್ಚಿ. ಬೋರ್ಡಿಗೆ ಅಂಟಿಸಿ, ಇದ್ದಿಲ ಪುಡಿಯ ಗಂಟಿನಿಂದ ತಟ್ಟಿ. ಕಡುಬಣ್ಣದ ಬೋರ್ಡಾದರೆ ಸೀಮೆಸುಣ್ಣದ ಪುಡಿ. ಹಾಳೆ ತೆಗೆದರೆ ಚುಕ್ಕಿಯ ಸಾಲಾಗಿ ಅಕ್ಷರ ಇಳಿದಿರುತ್ತದೆ. ಕಸೂತಿ ಹಾಕುವವರು ಬಟ್ಟೆಗೆ ಚಿತ್ತಾರ ಇಳಿಸುವುದೂ ಹೀಗೇ.

ಹಳೆಯ ನಕ್ಷೆ ಇಲ್ಲ, ಅರ್ಧ ಅಕ್ಷರಗಳು ಹೋಗಿವೆ ಎಂದಾಗ ಕಂಪ್ಯೂಟರಿನ ಫಾಂಟ್ ಕಡೆ ಕೈ ಹೋಗುತ್ತದೆ. ತಡೆಯಿರಿ. ಹಳೆಯ ಕಂಪನಿಗಳಿಗೆ ಫಾಂಟ್ ಎಂಬುದೇ ಇರಲಿಲ್ಲ. ಅಚ್ಚು ಕೆತ್ತುವ ಬಡಗಿಯ, ಬೋರ್ಡು ಬರೆಯುವ ಪೇಂಟರಿನ ಕೈಬರಹ ಇತ್ತು. ಲಂಡನ್ ಅಂಡ್ ನಾರ್ತ್ ಈಸ್ಟರ್ನ್ ರೈಲ್ವೆ 1929ರಲ್ಲಿ ಎರಿಕ್ ಗಿಲ್ ಅವರ ಗಿಲ್ ಸ್ಯಾನ್ಸ್ ಅಕ್ಷರ ಆರಿಸಿಕೊಂಡಿತು, 1948ರ ನಂತರ ಬ್ರಿಟಿಷ್ ರೈಲ್ವೇಸ್ ಅದನ್ನೇ ಎಲ್ಲೆಡೆ ಹರಡಿತು. ಆ ಕಾಲದ ಬೋರ್ಡಿಗೆ ಗಿಲ್ ಸ್ಯಾನ್ಸ್ ಸರಿ. 1905ರ ಬೋರ್ಡಿಗೆ ಹಾಕಿದರೆ ಅಜ್ಜನಿಗೆ ಮೊಮ್ಮಗನ ಅಂಗಿ ತೊಡಿಸಿದಂತೆ. ಹೋದ ಅಕ್ಷರವನ್ನು ಉಳಿದ ಅಕ್ಷರಗಳಿಂದಲೇ ಕಟ್ಟಿ. ಇಂಗ್ಲಿಷಿನ ಇ ಇದ್ದರೆ ಎಫ್ ಸಿಕ್ಕಿತು, ಪಿ ಇದ್ದರೆ ಆರ್‌ನ ಮೇಲರ್ಧ ಸಿಕ್ಕಿತು. ಆರ್‌ನ ಕಾಲಿಗೆ ಮಾತ್ರ ಅದೇ ಕಂಪನಿಯ ಇನ್ನೊಂದು ಬೋರ್ಡು ನೋಡಲೇಬೇಕು. ಪೇಂಟರಿನ ಸಹಿ ಅಂತ ಏನಾದರೂ ಇದ್ದರೆ ಅದು ಆ ಕಾಲಿನ ಓರೆಯಲ್ಲಿ.

ಅಕ್ಷರಕ್ಕಿಂತ ಕಷ್ಟದ್ದು ಸಂದಿ. ಸ್ಕೇಲಿಟ್ಟು ಎಲ್ಲ ಅಕ್ಷರಗಳ ನಡುವೆ ಒಂದೇ ಅಳತೆ ಬಿಟ್ಟರೆ ಹೆಸರು ಹಲ್ಲುದುರಿದ ಬಾಯಿಯ ಹಾಗೆ ಕಾಣುತ್ತದೆ. ನೆಟ್ಟಗಿನ ಎರಡು ಗೆರೆಗಳು ಪಕ್ಕಪಕ್ಕ ಬಂದಾಗ, ಎಚ್ ಪಕ್ಕ ಐ ಬಂದ ಹಾಗೆ, ಜಾಗ ಜಾಸ್ತಿ ಬೇಕು. ದುಂಡನೆಯ ಓ ಪಕ್ಕ ಇನ್ನೊಂದು ಓ ಬಂದರೆ ಕಡಿಮೆ ಸಾಕು. ಎ ಪಕ್ಕ ವಿ, ಎಲ್ ಪಕ್ಕ ಟಿ ಬಂದರೆ ಒಂದರೊಳಗೊಂದು ತೂರಿದಷ್ಟು ಹತ್ತಿರ ತರಬೇಕು. ಸಂದಿಗಳಿಗೆಲ್ಲ ನೀರು ತುಂಬಿದರೆ ಎಲ್ಲದರಲ್ಲೂ ಒಂದೇ ಅಳತೆಯ ನೀರು ಹಿಡಿಯಬೇಕು, ಲೆಕ್ಕ ಅದು. ದುಂಡಕ್ಷರಗಳು ಮೇಲಿನ, ಕೆಳಗಿನ ಗೆರೆಯನ್ನು ಕೂದಲೆಳೆಯಷ್ಟು ದಾಟಲಿ. ಇಲ್ಲದಿದ್ದರೆ ಕುಳ್ಳಗೆ ಕಾಣುತ್ತವೆ. ಸಂದೇಹವಾದರೆ ನಕ್ಷೆಯನ್ನು ತಲೆಕೆಳಗು ಮಾಡಿ ಇಪ್ಪತ್ತು ಹೆಜ್ಜೆ ಹಿಂದೆ ಹೋಗಿ ನೋಡಿ. ಓದಲು ಬಾರದಿದ್ದಾಗ ಕಣ್ಣು ಸಂದಿಯನ್ನೇ ನೋಡುತ್ತದೆ.

ಬರೆಯುವಾಗ ಸೀಮೆಸುಣ್ಣ ಹಚ್ಚಿದ ದಾರವನ್ನು ಎಳೆದು ಬಿಟ್ಟು ಮೇಲೆ ಕೆಳಗೆ ಗೆರೆ ಹೊಡೆಯಿರಿ. ತುದಿಗೆ ಬಟ್ಟೆ ಕಟ್ಟಿದ ಕೋಲನ್ನು ಎಡಗೈಯಲ್ಲಿ ಬೋರ್ಡಿಗೆ ಆನಿಸಿ, ಅದರ ಮೇಲೆ ಬಲಗೈ ಊರಿ. ಉದ್ದ ಕೂದಲಿನ ಬ್ರಷ್ಷು ಬೇಕು. ಬಣ್ಣವನ್ನು ಒಂದೇ ಉಸಿರಿನಲ್ಲಿ ಮೇಲಿಂದ ಕೆಳಕ್ಕೆ ಎಳೆಯಬೇಕು. ಗೆರೆ ನಡುಗಿದರೆ ತಕ್ಷಣ ತಿದ್ದಲು ಹೋಗಬೇಡಿ, ಒಣಗಲಿ. ಹಿನ್ನೆಲೆ ಬಣ್ಣದಿಂದ ಅಂಚು ಕತ್ತರಿಸಿದರೆ ಸರಿಹೋಗುತ್ತದೆ. ಮಾಸ್ಕಿಂಗ್ ಟೇಪು ಅಂಟಿಸಿ ಬರೆದ ಅಕ್ಷರ ದೂರಕ್ಕೇ ಗೊತ್ತಾಗುತ್ತದೆ, ಸತ್ತ ಮೀನಿನ ಕಣ್ಣಿನ ಹಾಗೆ.

ಮತ್ತೆ ತೂಗುಹಾಕುವುದು

ಗೋಡೆಯ ಹಳೆಯ ತೂತುಗಳನ್ನೇ ಬಳಸಿ. ಎನಾಮೆಲ್ ಬೋರ್ಡಿನ ಹಿಂದೆ, ಮುಂದೆ ಎರಡೂ ಕಡೆ ನೈಲಾನ್ ಅಥವಾ ಫೈಬರ್ ವಾಷರ್ ಇರಲಿ. ಮೊದಲ ಸಲ ನಾನು ಟೋಟೆಮ್ ಹಾಕುವಾಗ ಬೋಲ್ಟು ಗಟ್ಟಿಯಾಗಲಿ ಎಂದು ಇನ್ನೊಂದೇ ಸುತ್ತು ಬಿಗಿದೆ. ಟಿಕ್ ಎಂದು ಸಣ್ಣ ಸದ್ದು ಬಂತು. ಉಗುರಿನಷ್ಟು ಗಾಜು ನೆಲಕ್ಕೆ ಬಿತ್ತು. ಎರಡು ತಿಂಗಳು ತೊಳೆದು ಒರೆಸಿ ಕಾಪಾಡಿದ್ದನ್ನು ಎರಡು ಸೆಕೆಂಡಿನಲ್ಲಿ ಕಳೆದಿದ್ದೆ. ಅಂದಿನಿಂದ ಸ್ಪಾನರ್ ಹಿಡಿದು ಜೋರಾಗಿ ಬಿಗಿಯುವುದಿಲ್ಲ. ಬೆರಳಲ್ಲಿ ಬಿಗಿದು, ಸಡಿಲವಾಗದ ನೈಲಾನ್ ನಟ್ಟು ಹಾಕಿ ಕಾಲು ಸುತ್ತು, ಅಷ್ಟೇ.

ಸ್ಟೇನ್‌ಲೆಸ್ ಬೋಲ್ಟು ಬೀಡಿಗೆ ನೇರ ತಾಗಿ ಮಳೆಯಲ್ಲಿ ನೆನೆದರೆ ಬೀಡು ಬೇಗ ತುಕ್ಕು ಹಿಡಿಯುತ್ತದೆ. ಅಲ್ಲಿಯೂ ನಡುವೆ ಪ್ಲಾಸ್ಟಿಕ್ ತೋಳು, ವಾಷರ್ ಬೇಕು. ಗೋಡೆಗೂ ಬೋರ್ಡಿಗೂ ನಡುವೆ ಗಾಳಿಯಾಡಲು ಬೆರಳಷ್ಟು ಜಾಗ ಬಿಡಿ. ಮಾನ್ಯತೆ ಪಡೆದ ಈಗಿನ ಸುರಕ್ಷತಾ ಫಲಕಗಳನ್ನು, ತುರ್ತು ದಾರಿ, ಬೆಂಕಿ ಆರಿಸುವ ಸಾಧನ ಇಂಥವನ್ನು, ನೋಟ ಕೆಡುತ್ತದೆಂದು ತೆಗೆಯಬೇಡಿ, ಮರೆಮಾಡಬೇಡಿ. ಹಳೆಯ ಬೋರ್ಡು ಪ್ರಯಾಣಿಕರನ್ನು ಈಗ ಇಲ್ಲದ ಸೇತುವೆಯ ಕಡೆ ಕಳಿಸುತ್ತಿದ್ದರೆ ಅದನ್ನು ಕಾಯುವ ಕೋಣೆಯ ಒಳಗೋಡೆಗೆ ಸಾಗಿಸಿ.

ವರ್ಷಕ್ಕೆ ಎರಡು ಸಲ ಸಾಬೂನು ನೀರಿನಲ್ಲಿ ತೊಳೆಯಿರಿ. ಒಂದು ಸಲ ಎನಾಮೆಲ್ಲಿಗೆ ಮೈಕ್ರೋಕ್ರಿಸ್ಟಲೈನ್ ಮೇಣ ಹಚ್ಚಿ ಒರೆಸಿ. ಏನೇನು ಮಾಡಿದಿರಿ, ಯಾವ ಬಣ್ಣದ ಯಾವ ಸಂಖ್ಯೆ, ಯಾವ ಗಾಯ ತುಂಬಿದಿರಿ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ನಿಲ್ದಾಣದ ಕಡತದಲ್ಲಿಡಿ. ಬೋರ್ಡಿನ ಹಿಂಬದಿಯಲ್ಲೂ ಪೆನ್ಸಿಲಿನಲ್ಲಿ ತಾರೀಕು ಹಾಕಿ.

ಮೊದಲ ದಿನ ಫೋಟೋ ತೆಗೆದ ಆ ವೃತ್ತಕ್ಕೆ ಮಾತ್ರ ಬಣ್ಣ ಹಚ್ಚಬೇಡಿ. ಬೋರ್ಡು ಮರದ್ದಾಗಲಿ ಬೀಡಿನದ್ದಾಗಲಿ, ಅದನ್ನು ಮುಚ್ಚಿಟ್ಟು ಸುತ್ತ ಕೆಲಸ ಮಾಡಿ. ಕೊನೆಗೆ ತೆಳುವಾಗಿ ಬಿ-72 ಬಳಿದು, ಒಣಗಿದ ಮೇಲೆ ವಾಷರ್ ಇಟ್ಟು ಬೋಲ್ಟು ಹಾಕಿ. ಮುಂದಿನ ಸಲ ಬಿಚ್ಚುವವರು ಮೊದಲು ನೋಡುವುದು ಅಲ್ಲೇ.